ಕನ್ನಡ ಒಂದು ಜಾನರ್ ಅಲ್ಲ, ಸ್ವಾಮಿ

ಕನ್ನಡ ಅನ್ನೋದು ಭಾಷೆ, ಜಾನರ್ ಅಲ್ಲ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಈ ವಿಷಯವನ್ನ ಕೂತು ಬರೆಯಬೇಕಾಗಿ ಬಂದಿದೆ. ಯಾಕಂದ್ರೆ ಜಯನಗರ, ಜೆ.ಪಿ. ನಗರ, ಬಿಟಿಎಂ ಕಡೆ ವಾಸ ಮಾಡುವ, ಸಂಗೀತ ಕೇಳುವ, ಕೇಳಿದ್ದರ ಬಗ್ಗೆ ಗಂಟೆಗಟ್ಟಲೆ ಮಾತಾಡುವ, ನನ್ನದೇ ವಯಸ್ಸಿನ, ನನ್ನಂಥದ್ದೇ ಕೆಲಸ ಮಾಡುವ ಜನಕ್ಕೆ ಇದು ಮರೆತೇ ಹೋಗಿದೆ.

ನೀವೂ ನೋಡಿರ್ತೀರಿ. ಆಫೀಸಿನ ಗ್ರೂಪಿನಲ್ಲಿ ಶುಕ್ರವಾರ ಮಧ್ಯಾಹ್ನ ಯಾರೋ ಒಬ್ಬರು ಕೇಳ್ತಾರೆ: ಬೇರೆಬೇರೆ ಜಾನರ್‌ನಲ್ಲಿ ನಿಮ್ಮ ಫೇವರಿಟ್ ಐದು ಆಲ್ಬಮ್ ಯಾವುದು? ಪಟ್ಟಿಗಳು ಸುರಿಯೋಕೆ ಶುರು. ರಾಕ್: ಪಿಂಕ್ ಫ್ಲಾಯ್ಡ್, 'ದ ಡಾರ್ಕ್ ಸೈಡ್ ಆಫ್ ದ ಮೂನ್', 1973. ಜಾಝ್: ಮೈಲ್ಸ್ ಡೇವಿಸ್, 'ಕೈಂಡ್ ಆಫ್ ಬ್ಲೂ', 1959. ಹಿಪ್‌ಹಾಪ್: ಕೆಂಡ್ರಿಕ್ ಲಮಾರ್. ಎಲೆಕ್ಟ್ರಾನಿಕ್: ಡಾಫ್ಟ್ ಪಂಕ್. ಐದನೇ ಸಾಲಿಗೆ ಬಂದರೆ, ಕನ್ನಡ: 'ಮುಂಗಾರು ಮಳೆ'.

'ಮುಂಗಾರು ಮಳೆ'ಯದ್ದೇನೂ ತಪ್ಪಿಲ್ಲ. 2006ರ ಕೊನೇ ವಾರದಲ್ಲಿ ಬಂದ ಸಿನಿಮಾ, ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಮತ್ತಿತರರ ಪದಗಳು. ನಮ್ಮ ಹಾಸ್ಟೆಲ್ ಕಾರಿಡಾರ್‌ಗಳಲ್ಲಿ ಅದು ಎಷ್ಟು ದಿನ ಓಡಿತು ಅಂತ ನನಗೂ ಗೊತ್ತು. ನನ್ನ ತಕರಾರು ಅದರ ಹಿಂದಿನ ಆ ಎರಡು ಚುಕ್ಕೆಯ ಬಗ್ಗೆ. ಮೊದಲ ನಾಲ್ಕು ಸಾಲಿನಲ್ಲಿ ಚುಕ್ಕೆಗಳ ಹಿಂದೆ ಇರೋದು ಸಂಗೀತದ ಪ್ರಕಾರ. ಐದನೆಯದರಲ್ಲಿ ಇರೋದು ಆರೇಳು ಕೋಟಿ ಜನರ ಭಾಷೆ. ಮೊದಲ ನಾಲ್ಕಕ್ಕೆ ಕಾರಣ ಕೊಟ್ಟಿರ್ತಾರೆ: ಬೇಸ್ ಹೀಗಿದೆ, ರೆಕಾರ್ಡಿಂಗ್ ಹಾಗಿದೆ, ಮೂರನೇ ಟ್ರ್ಯಾಕ್‌ನಿಂದ ನಾಲ್ಕನೆಯದಕ್ಕೆ ಹೋಗುವ ರೀತಿ ನೋಡಿ ಅಂತ. ಐದನೆಯದಕ್ಕೆ 'ನಾಸ್ಟಾಲ್ಜಿಯಾ' ಅಂತ ಒಂದು ಪದ, ಪಕ್ಕದಲ್ಲಿ ಹಳದಿ-ಕೆಂಪು ಎರಡು ಹಾರ್ಟು. ಮುಗೀತು.

ನಾವು ಕೆಲಸಕ್ಕೆ ಡೇಟಾಬೇಸ್ ಬರೆಯುವ ಜನ. ಭಾಷೆ ಒಂದು ಕಾಲಮ್, ಪ್ರಕಾರ ಇನ್ನೊಂದು ಕಾಲಮ್. ಪ್ರಕಾರದ ಕಾಲಮ್‌ನಲ್ಲಿ ಭಾಷೆಯ ಹೆಸರು ತುಂಬಿಸಿದ ಕೋಡ್ ನಿಮ್ಮ ಮುಂದೆ ರಿವ್ಯೂಗೆ ಬಂದರೆ ಅಪ್ರೂವ್ ಮಾಡ್ತೀರಾ? ಹೊಸದಾಗಿ ಸೇರಿದ ಹುಡುಗನಿಗೆ ಅರ್ಧ ಗಂಟೆ ಪಾಠ ಹೇಳ್ತೀರಿ. ಅದೇ ಎಡವಟ್ಟು ನಮ್ಮ ಫೋನಿನ ಮ್ಯೂಸಿಕ್ ಆಪ್‌ನಲ್ಲಿ ದಿನಾ ಕಣ್ಣಿಗೆ ಬೀಳುತ್ತೆ. ರಾಕ್, ಪಾಪ್, ಜಾಝ್, ಮೆಟಲ್, ಕನ್ನಡ ಅಂತ ಸಾಲಾಗಿ ಡಬ್ಬಿಗಳು. ಐದನೇ ಡಬ್ಬಿ ತೆಗೆದರೆ ಒಳಗೆ ಭೀಮಸೇನ ಜೋಶಿ, ಹಂಸಲೇಖ, ಸಿ. ಅಶ್ವತ್ಥ್, ರ್‍ಯಾಪ್ ಹಾಡುವ ಆಲ್ ಓಕೆ, ಎಲ್ಲರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದಾರೆ, ಸಂಜೆ ಆರೂವರೆಯ ಬನಶಂಕರಿ ಬಸ್ಸಿನ ಹಾಗೆ.

ಆಪ್‌ನವರನ್ನ ಬಿಡಿ, ಅವರಿಗೆ ಕ್ಲಿಕ್ ಬೇಕು. ನಾವೇ ಬದುಕನ್ನ ಹಾಗೆ ಜೋಡಿಸಿಕೊಂಡಿದ್ದೀವಿ. ಪಬ್‌ನಲ್ಲಿ ಮಂಗಳವಾರ ರಾಕ್ ನೈಟ್, ಶನಿವಾರ ಟೆಕ್ನೋ ನೈಟ್, ಯಾವತ್ತೋ ಒಂದಿನ 'ಕನ್ನಡ ನೈಟ್'. ಆ ರಾತ್ರಿ ರಾಜ್‌ಕುಮಾರ್‌ನಿಂದ 'ಕಾಂತಾರ'ದವರೆಗೆ ಐವತ್ತು ವರ್ಷ, ಹತ್ತು ಪ್ರಕಾರ, ಒಂದೇ ಡಿಜೆ ಸೆಟ್‌ನಲ್ಲಿ ರುಬ್ಬಿ ಹಾಕ್ತಾರೆ. ನವೆಂಬರ್ ಬಂದರೆ ಫುಡ್ ಕೋರ್ಟಿನಲ್ಲಿ ಒಂದು ಗಂಟೆ ಶಲ್ಯ, ಬಾವುಟ, ಅದೇ ಹನ್ನೆರಡು ಹಾಡು. ಕ್ಯಾಲೆಂಡರಿನಲ್ಲಿ ಒಂದು ದಿನ, ಪಬ್ಬಿನಲ್ಲಿ ಒಂದು ರಾತ್ರಿ, ಪಟ್ಟಿಯಲ್ಲಿ ಒಂದು ಸಾಲು. ಕನ್ನಡಕ್ಕೆ ಇಷ್ಟು ಜಾಗ ಕೊಟ್ಟು ಕೈ ತೊಳ್ಕೊಂಡಿದ್ದೀವಿ.

ಇದರಿಂದ ನಷ್ಟ ಏನು ಅಂತ ಕೇಳಬಹುದು. ದೊಡ್ಡ ನಷ್ಟ ಇದೆ. ಡಬ್ಬಿಗೆ ಹಾಕಿದ್ದನ್ನ ಯಾರೂ ಅಳೆಯೋದಿಲ್ಲ. ಕನ್ನಡ ಆಲ್ಬಮ್ ಬಂದರೆ ಎರಡೇ ಬಗೆಯ ಮಾತು ಕೇಳ್ತೀವಿ. ಒಂದು, 'ಕನ್ನಡದಲ್ಲಿ ಇದೆಲ್ಲಾ ಎಲ್ಲಿ ಮಗಾ' ಅನ್ನುವ ತಾತ್ಸಾರ. ಇನ್ನೊಂದು, 'ಕನ್ನಡದವರು ಮಾಡಿದ್ದಾರೆ, ಸಪೋರ್ಟ್ ಮಾಡೋಣ' ಅನ್ನುವ ಗ್ರೇಸ್ ಮಾರ್ಕ್ಸು. ಎರಡನೆಯದು ಒಳ್ಳೇ ಮನಸ್ಸಿಂದ ಬಂದದ್ದೇ ಇರಬಹುದು, ಆದರೂ ಅದು ಅವಮಾನವೇ. ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತು ಒಂದು ಆಲ್ಬಮ್ ಮಾಡಿದವನಿಗೆ 'ನಿನ್ನ ಡ್ರಮ್ಸ್ ಸಪ್ಪೆ' ಅಂತ ಹೇಳುವಷ್ಟಾದರೂ ಮರ್ಯಾದೆ ಕೊಡಬೇಕು. ಸಪೋರ್ಟ್ ಅನ್ನೋದು ಅನಾಥಾಶ್ರಮಕ್ಕೆ ಕೊಡುವ ಚಂದಾ ಹಣದ ಭಾಷೆ.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಯಾರಿಗೂ ಜಾನರ್ ಅನ್ನೋ ಪದ ಗೊತ್ತಿರಲಿಲ್ಲ, ಜಾನರ್ ಮಾತ್ರ ಚೆನ್ನಾಗಿ ಗೊತ್ತಿತ್ತು. ಹಬ್ಬದ ದಿನ ಮೈಕ್‌ಸೆಟ್ ಅಣ್ಣ ಬೆಳಗಿನ ಜಾವ ಹಾಕುವ ಕ್ಯಾಸೆಟ್ ಬೇರೆ, ಊಟದ ಹೊತ್ತಿಗೆ ಹಾಕುವುದು ಬೇರೆ, ಮದುವೆ ಮನೆಗೆ ತರುವ ಪೆಟ್ಟಿಗೆಯೇ ಬೇರೆ. ರಾತ್ರಿ 'ಕುರುಕ್ಷೇತ್ರ' ನಾಟಕ ಇದ್ದರೆ ಹಾರ್ಮೋನಿಯಂ ಮೇಷ್ಟ್ರು ಬಂದು ಕೂರ್ತಿದ್ರು. ಬೆಳಗಾಗೋವರೆಗೆ ಕಂದ, ಮಟ್ಟು, ಪದ. ಮಾರನೇ ದಿನ ಅರಳಿಕಟ್ಟೆ ಮೇಲೆ ಪಂಚಾಯ್ತಿ: ಈ ಸಲದ ಕರ್ಣ ಮೇಲಿನ ಸ್ಥಾಯಿಯಲ್ಲಿ ಶ್ರುತಿ ಬಿಟ್ಟ, ಶಕುನಿಗೆ ಕಂಠ ಇಲ್ಲ ಆದರೆ ತಾಳ ಗಟ್ಟಿ, ಮೇಷ್ಟ್ರು ಎರಡನೇ ಅಂಕದಲ್ಲಿ ತೂಕಡಿಸಿದರು. ದಾಯಾದಿ, ನೆಂಟ, ಸಾಲ ಕೊಟ್ಟವನು ಅಂತ ಯಾರನ್ನೂ ಬಿಡ್ತಿರಲಿಲ್ಲ. ಯಾರೂ 'ನಮ್ಮೂರವನು, ಸಪೋರ್ಟ್ ಮಾಡೋಣ' ಅಂದದ್ದು ನಾನು ಕೇಳಿಲ್ಲ. ಚೆನ್ನಾಗಿ ಹಾಡಿದವನಿಗೆ ಅಂಗಿಗೆ ನೋಟು ಸಿಗಿಸ್ತಿದ್ರು, ಕೆಡಿಸಿದವನಿಗೆ ಮುಂದಿನ ವರ್ಷ ಪಾರ್ಟು ಸಿಗ್ತಿರಲಿಲ್ಲ. ಅದು ವಿಮರ್ಶೆ. ಅಲ್ಲಿಂದ ಬಂದು ಬಿಇ ಮಾಡಿ, ಎರಡು ಸಾವಿರದ ಹೆಡ್‌ಫೋನನ್ನ ಇಪ್ಪತ್ತು ಸಾವಿರದ್ದಕ್ಕೆ ಬದಲಾಯಿಸಿದ ನಾವು, ಆ ಕಟ್ಟೆ ಮೇಲಿನವರಿಗಿಂತ ಕಡಿಮೆ ಕೇಳಿಸಿಕೊಳ್ತಿದ್ದೀವಿ.

ಸರಿ, ಬೈಯೋದು ಸುಲಭ, ನಿನ್ನ ಪಟ್ಟಿ ಎಲ್ಲಿ ಅಂತೀರಿ. ಇಲ್ಲಿದೆ. ಐದು ಪ್ರಕಾರ, ಐದು ಆಲ್ಬಮ್. ಎಲ್ಲದರ ಬೇರೂ ಈ ನೆಲದ್ದೇ. ಎಲ್ಲದರಲ್ಲೂ ನನಗೆ ಹಿಡಿಸದ್ದು ಏನು ಅಂತಲೂ ಹೇಳ್ತೀನಿ.

ಮೊದಲನೆಯದು ಸುಗಮ ಸಂಗೀತ. 'ನಿತ್ಯೋತ್ಸವ', 1978. ಕೆ.ಎಸ್. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ಸಂಗೀತ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೆಸರಾಗಿರೋದು ಇದೇ. ಅದಕ್ಕೂ ಮೊದಲು ಪಿ. ಕಾಳಿಂಗರಾಯರು ಕವಿತೆಗಳನ್ನ ವೇದಿಕೆಗೂ ಗ್ರಾಮೊಫೋನ್ ತಟ್ಟೆಗೂ ತಂದಿದ್ದರು. ಆದರೆ ತಟ್ಟೆಯ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಒಬ್ಬ ಕವಿಯ ಲೋಕದಲ್ಲಿ ಒಂದು ಸಂಜೆ ಕಳೆಯೋಕೆ ಆಗುವಂತೆ ಮಾಡಿದ್ದು ಕ್ಯಾಸೆಟ್. ಈ ಪ್ರಕಾರದ ನಿಯಮ ಒಂದೇ: ಪದ ಕೇಳಿಸಬೇಕು. ಅನಂತಸ್ವಾಮಿ ರಾಗವನ್ನ ಪದದ ಕೆಳಗೆ ಹಾಸ್ತಾರೆ, ಮೇಲೆ ಹೊದಿಸೋದಿಲ್ಲ. ಅದಕ್ಕೇ ಇಡೀ ನಾಡಿಗೆ ಬಾಯಿಪಾಠ ಆಯ್ತು. ನನ್ನ ದೂರು ಈ ಆಲ್ಬಮ್‌ಗಿಂತ ಅದರ ಮೊಮ್ಮಕ್ಕಳ ಮೇಲೆ. ಕೊಳಲಿನ ಒಂದು ಪೀಠಿಕೆ, ಕೆಹರವಾ ತಾಳದ ತಬಲ, ಹಾಡುವವರ ಮುಖದಲ್ಲಿ ಒಂದೇ ಅಳತೆಯ ಮುಗುಳ್ನಗೆ. ಬೇಂದ್ರೆಗೂ ಅದೇ, ಅಡಿಗರಿಗೂ ಅದೇ. ಸುಗಮ ಅಂದರೆ ಸುಲಭ ಅಂತ ಅರ್ಥ ಮಾಡಿಕೊಂಡು ನಲವತ್ತು ವರ್ಷ ಕಳೆದಿದ್ದೀವಿ.

ಇಲ್ಲೇ ಇನ್ನೊಂದು ಮಾತು. ನಾಡಗೀತೆಗೆ ಅನಂತಸ್ವಾಮಿಯವರ ಧಾಟಿ ಇರಬೇಕೋ ಅಶ್ವತ್ಥ್ ಅವರದೋ ಅಂತ ನಾವು ವರ್ಷಗಟ್ಟಲೆ ಜಗಳ ಆಡಿದ್ವಿ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಮಾಡಿತು. ವಿಷಯ ಹೈಕೋರ್ಟಿಗೂ ಹೋಯ್ತು. ಒಂದು ಧಾಟಿಗಾಗಿ ಕೋರ್ಟಿಗೆ ಹೋಗುವಷ್ಟು ಬಿಸಿ ರಕ್ತ ಇರುವ ನಾಡು ನಮ್ಮದು. ಆದರೆ ನಾನು ಕೇಳಿದ ವಾದಗಳಲ್ಲಿ ಗಡಿಯಾರ, ಗೌರವ, ಯಾರು ಯಾವ ಪಕ್ಷ ಇದೇ ಜಾಸ್ತಿ. ಎರಡು ಧಾಟಿಗಳಲ್ಲಿ ಪದ ಎಲ್ಲಿ ಮುರಿಯುತ್ತೆ, ಸ್ವರ ಎಲ್ಲಿ ಏರುತ್ತೆ, ಸಾವಿರ ಮಕ್ಕಳು ಒಟ್ಟಿಗೆ ಹಾಡೋಕೆ ಯಾವುದು ಸಲೀಸು ಅನ್ನುವ ಮಾತು ತೀರಾ ಕಮ್ಮಿ. ಬಿಸಿ ಇದೆ, ಕಿವಿ ಇಲ್ಲ.

ಎರಡನೆಯದು ಹಿಂದೂಸ್ತಾನಿ. ಭೀಮಸೇನ ಜೋಶಿಯವರ 'ದಾಸವಾಣಿ'. ಗದಗದ ಹುಡುಗ, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ, ಪುಣೆಯಲ್ಲಿ ಮನೆ ಮಾಡಿ ದೇಶಕ್ಕೆಲ್ಲಾ ಪುರಂದರದಾಸರನ್ನ ಕನ್ನಡದಲ್ಲೇ ಕೇಳಿಸಿದರು. ಆಪ್‌ನಲ್ಲಿ ಇದನ್ನ 'ಡಿವೋಷನಲ್' ಅಂತ ಹಾಕಿರ್ತಾರೆ. ಪಕ್ಕದಲ್ಲೇ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ, ಅದೂ 'ಡಿವೋಷನಲ್'. ಒಂದೇ ಡಬ್ಬಿಯಲ್ಲಿಟ್ಟರೆ ಕಾಣದೇ ಹೋಗೋದು ಇಲ್ಲಿದೆ ನೋಡಿ: ದಾಸರ ಪದ ಹಾಡೋಕೇ ಹುಟ್ಟಿದ್ದು. ಪಲ್ಲವಿ ಇದೆ, ಚರಣ ಇದೆ, ಕೊನೆಗೆ ಅಂಕಿತ ಇದೆ; ಗಾಯಕ ಪಲ್ಲವಿಗೆ ಮರಳಿ ಮರಳಿ ಬಂದರೆ ಹಾಡು ಬೆಳೆಯುತ್ತೆ. ವಚನ ಹಾಗಲ್ಲ. ಅದು ಗದ್ಯದ ಹತ್ತಿರ ನಿಂತ ಮಾತು, ವಾದ. ಅದನ್ನ ರಾಗಕ್ಕೆ ಕೂರಿಸೋದು ಬೇರೆಯದೇ ಪರೀಕ್ಷೆ. ಮನ್ಸೂರರ ದನಿಯಲ್ಲಿ ಸಕ್ಕರೆ ಇಲ್ಲ, ಅದು ವಚನಕ್ಕೆ ಸರಿಯಾಗಿ ಒಪ್ಪುತ್ತೆ. ಭೀಮಸೇನರದ್ದು ತುಂಬಿ ಬರುವ ದನಿ. ಕೆಲವು ಕಡೆ ದಾಸರ ತುಂಟತನ, ಕುಹಕ ಆ ಗಾಂಭೀರ್ಯದೊಳಗೆ ಮುಳುಗಿಹೋಗುತ್ತೆ ಅಂತ ನನ್ನ ಅಭಿಪ್ರಾಯ. ಒಪ್ಪದಿದ್ದರೆ ಜಗಳ ಆಡಿ. ಆ ಜಗಳಕ್ಕೇ ಈ ಲೇಖನ.

ಮೂರನೆಯದು ಜಾಝ್. ಹುಬ್ಬೇರಿಸಬೇಡಿ. 'ಜ್ಯೋತಿ', 1983. ಜರ್ಮನಿಯ ಇಸಿಎಂ ಕಂಪನಿಯ ರೆಕಾರ್ಡ್. ಕೀತ್ ಜಾರೆಟ್‌ನ 'ಕೋಲ್ನ್ ಕಾನ್ಸರ್ಟ್' ತಂದ ಅದೇ ಇಸಿಎಂ. ನಮ್ಮಲ್ಲಿ ವಿನೈಲ್ ಕೊಳ್ಳುವವರು ಹೆಸರು ಕೇಳಿದರೆ ಸಾಕು ಕಣ್ಣು ಮುಚ್ಚಿಕೊಳ್ತಾರಲ್ಲ, ಅದು. ಒಂದು ಕಡೆ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಇನ್ನೊಂದು ಕಡೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಸಂಸ್ಥೆ. ಅವರದು ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಟಿ.ಎನ್. ಶಶಿಕುಮಾರ್ ಖಂಜಿರ, ಎಲ್ಲಕ್ಕಿಂತ ಮೇಲೆ ಆರ್.ಎ. ರಾಮಮಣಿಯವರ ದನಿ. ಆ ದನಿ ಸ್ಯಾಕ್ಸೊಫೋನಿಗೆ ಹಿಮ್ಮೇಳ ಹಾಡೋದಿಲ್ಲ, ಮನೆ ಯಜಮಾನಿಯ ಹಾಗೆ ಮುಂದೆ ನಡೆಯುತ್ತೆ, ಅಮೆರಿಕದ ನೆಂಟ ಹಿಂದೆ ಬರ್ತಾನೆ. ಜಾಝ್ ಅಂದರೆ ನ್ಯೂಯಾರ್ಕ್ ಅಂತ ಪಟ್ಟಿ ಮಾಡುವ ನಮ್ಮವರಲ್ಲಿ ಹತ್ತು ಜನರನ್ನ ಕೇಳಿದ್ದೀನಿ, ಒಬ್ಬರೂ ಈ ಹೆಸರು ಕೇಳಿರಲಿಲ್ಲ. ಯಾಕೆ? ಇದನ್ನ ಇಡೋಕೆ ಡಬ್ಬಿ ಇಲ್ಲ. 'ಕನ್ನಡ' ಡಬ್ಬಿಗೆ ಬೇಕಾದ ಸಿನಿಮಾ ಪೋಸ್ಟರ್ ಇಲ್ಲ, 'ಜಾಝ್' ಡಬ್ಬಿಗೆ ಬೇಕಾದ ವಿಳಾಸ ಇಲ್ಲ. ನನ್ನ ದೂರು: ಇಸಿಎಂನ ರೆಕಾರ್ಡಿಂಗ್ ಅತಿ ಸ್ವಚ್ಛ, ಚರ್ಚಿನೊಳಗೆ ನುಡಿಸಿದ ಹಾಗೆ ಸುತ್ತ ಖಾಲಿ ಜಾಗ. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಘಟ ಕೇಳಿದವರಿಗೆ, ಆ ಬೆವರು, ಆ ಪಾನಕದ ಗದ್ದಲ ಇಲ್ಲದ ಘಟ ಸ್ವಲ್ಪ ತಣ್ಣಗೆ ಅನ್ನಿಸುತ್ತೆ.

ನಾಲ್ಕನೆಯದು ಪಾಪ್. 'ಪ್ರೇಮಲೋಕ', 1987, ಸಂಗೀತ-ಸಾಹಿತ್ಯ ಹಂಸಲೇಖ. ಇದನ್ನ ಸಿನಿಮಾ ಹಾಡು ಅಂತ ಬದಿಗೆ ಸರಿಸಬೇಡಿ, ಕನ್ನಡದ ಪಾಪ್ ಆಲ್ಬಮ್ ಅಂತ ಕೇಳಿ. ಕಾಲೇಜು ಹುಡುಗರು ನಿಜಕ್ಕೂ ಆಡುವ ಮಾತು, ಜಗಳ, ಪ್ರಶ್ನೆ-ಉತ್ತರ ಹಾಗೇ ಹಾಡಾಗಿದೆ. ಪದ ಗ್ರಂಥಾಲಯದಿಂದ ಬಂದಿಲ್ಲ, ಬಸ್‌ಸ್ಟಾಪಿನಿಂದ ಬಂದಿದೆ. ಹಾಲಿವುಡ್ಡಿನ 'ಗ್ರೀಸ್ 2'ರ ನೆರಳು ಸಿನಿಮಾದ ಮೇಲೆ ಇರೋದನ್ನ ಯಾರೂ ಮುಚ್ಚಿಡೋಕೆ ಆಗೋದಿಲ್ಲ. ಆದರೆ ಆ ಅಂಗಿಯನ್ನ ನಮ್ಮ ಮೈ ಅಳತೆಗೆ ಹೊಲಿದ ಕೈ ಹಂಸಲೇಖರದು. ಇವತ್ತು ಕೇಳಿದರೆ ಹಳಸಿರೋದು ಸಿಂಥ್ ಅಲ್ಲ, ಹುಡುಗಿಯನ್ನ ಸತಾಯಿಸೋದೇ ಪ್ರೀತಿ ಅನ್ನುವ ಧಾಟಿ. ನಾಸ್ಟಾಲ್ಜಿಯಾ ಅಂತ ಹಾರ್ಟ್ ಒತ್ತಿದರೆ ಈ ಎರಡೂ ಮಾತು ಹೇಳೋಕೆ ಅವಕಾಶ ಇರೋದಿಲ್ಲ: ಪದದ ಧೈರ್ಯವನ್ನ ಹೊಗಳೋಕೂ ಇಲ್ಲ, ಅದೇ ಪದ ಮಾಡಿದ ಕೇಡನ್ನ ಹೇಳೋಕೂ ಇಲ್ಲ.

ಐದನೆಯದು ಫೋಕ್ ರಾಕ್. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್, 2008. ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಗಿಟಾರ್ ತಾನೇ ಕಲಿತ ಮನುಷ್ಯ. ಒಂದೇ ಆಲ್ಬಮ್‌ನಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ. ಕನ್ನಡದ ಎರಡು ಹಾಡೂ ಶಿಶುನಾಳ ಷರೀಫರದು: ಒಂದು ಗುಡುಗುಡಿ, ಇನ್ನೊಂದು ಸೋರುವ ಮಾಳಿಗೆ. ಷರೀಫರು 1819ರಲ್ಲಿ ಹುಟ್ಟಿದವರು; ಹುಕ್ಕಾ, ತೂತಾದ ಚಾವಣಿಯಂಥ ಮನೆ ಸಾಮಾನಿನಲ್ಲೇ ಜೀವ-ದೇಹದ ಲೆಕ್ಕ ಹೇಳಿದವರು. ಅಶ್ವತ್ಥ್ ಹಾಡಿದಾಗ ಸೋರುವ ಮಾಳಿಗೆ ಎದೆ ಕುಸಿಯುವ ಸಂಕಟ. ಗಿಟಾರ್‌ನ ಮೇಲೆ ಬಂದಾಗ ಅದು ಸೋರ್ತಾ ಇದ್ದರೂ ಕುಣಿಯುವ ಮನೆ. ಎರಡೂ ಷರೀಫರೇ. ಈ ಆಲ್ಬಮ್‌ನ ಇಂಗ್ಲಿಷ್ ಪ್ರೇಮಗೀತೆ ಮಾತ್ರ ನನಗೆ ಸಪ್ಪೆ. ಯಾವ ಊರಿನ ಯಾರು ಬೇಕಾದರೂ ಹಾಡಬಹುದಾದದ್ದು. 2010ರಲ್ಲಿ ಇವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋನಲ್ಲಿ ಹಾಡಿದ ಮೇಲೆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಯಾವ ಪಟ್ಟಿ? 'ವರ್ಲ್ಡ್ ಮ್ಯೂಸಿಕ್'. ಲಂಡನ್ನಿನವರಿಗೆ ತಮ್ಮದು ರಾಕ್, ಜಾಝ್, ಪಾಪ್. ಉಳಿದ ಭೂಮಂಡಲವೆಲ್ಲಾ ಒಂದು ಡಬ್ಬಿ. ಅದನ್ನ ಓದಿ ನಮಗೆ ಸಿಟ್ಟು ಬರಬೇಕು. ಆದರೆ ಜಯನಗರದಲ್ಲಿ ಕೂತು ನಮ್ಮದೇ ಭಾಷೆಗೆ ನಾವು ಮಾಡ್ತಿರೋದೂ ಅದನ್ನೇ. ಅವರಿಗಾದರೂ ಕನ್ನಡ ಬರೋದಿಲ್ಲ ಅನ್ನೋ ನೆಪ ಇದೆ.

ಇನ್ನು ಇದಕ್ಕೆ ಬರುವ ತಕರಾರುಗಳು. 'ಸಂಗೀತಕ್ಕೆ ಭಾಷೆ ಇಲ್ಲ ಗುರು' ಅಂತಾರೆ. ಒಳ್ಳೇದು. ಭಾಷೆ ಇಲ್ಲ ಅಂದಮೇಲೆ ಕನ್ನಡಕ್ಕೊಂದೇ ಯಾಕೆ ಬೇರೆ ಸಾಲು? ಕೆಂಡ್ರಿಕ್ ಲಮಾರ್ ಮುಂದೆ 'ಇಂಗ್ಲಿಷ್' ಅಂತ ಯಾಕೆ ಬರೆಯಲಿಲ್ಲ? ಇನ್ನೊಬ್ಬರು, 'ಕನ್ನಡ ಅಂತ ಲೇಬಲ್ ಇಲ್ಲದಿದ್ದರೆ ನಮ್ಮ ಹಾಡು ಹುಡುಕೋದು ಹೇಗೆ, ದೊಡ್ಡ ಭಾಷೆಗಳ ಪ್ರವಾಹದಲ್ಲಿ ಕೊಚ್ಚಿಹೋಗಲ್ವಾ' ಅಂತಾರೆ. ಇದು ನಿಜವಾದ ಪ್ರಶ್ನೆ. ಲೇಬಲ್ ಬೇಡ ಅಂತ ನಾನು ಹೇಳ್ತಿಲ್ಲ. ಭಾಷೆಯ ಕಾಲಮ್‌ನಲ್ಲಿ ಕನ್ನಡ ಅಂತ ದಪ್ಪ ಅಕ್ಷರದಲ್ಲಿ ಬರೀರಿ, ಹೋರಾಡಿ ಬರೆಸಿ. ಅಲ್ಲಿಗೇ ನಿಲ್ಲಿಸಬೇಡಿ, ಪಕ್ಕದ ಕಾಲಮ್ ಖಾಲಿ ಬಿಡಬೇಡಿ ಅಂತಷ್ಟೇ. ಮೂರನೆಯವರು, 'ನೀನು ಎಂಜಿನಿಯರು, ಸಂಗೀತ ಕಲಿತಿದ್ದೀಯಾ' ಅಂತಾರೆ. ಇಲ್ಲ. ಅರಳಿಕಟ್ಟೆಯವರೂ ಕಲಿತಿರಲಿಲ್ಲ. ಸಿ. ಅಶ್ವತ್ಥ್ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ತಾ ಸಂಗೀತ ಮಾಡಿದವರು; 2005ರಲ್ಲಿ ಅರಮನೆ ಮೈದಾನದ 'ಕನ್ನಡವೇ ಸತ್ಯ'ಕ್ಕೆ ಲಕ್ಷ ಜನ ಬಂದು ಕೂತರಲ್ಲ, ಅವರಲ್ಲಿ ಎಷ್ಟು ಜನ ಸಂಗೀತದ ಪರೀಕ್ಷೆ ಪಾಸು ಮಾಡಿದ್ದರು? ಕೇಳೋಕೆ ಲೈಸೆನ್ಸ್ ಬೇಡ. ಕೇಳಿ ಹೇಳೋಕೂ ಬೇಡ.

ಕೊನೇದಾಗಿ, ಇದರಲ್ಲಿ ಪಣಕ್ಕಿರೋದು ನಮ್ಮ ಅಭಿರುಚಿ ಮಾತ್ರ ಅಲ್ಲ, ಜನರ ಹೆಸರು. ಕ್ಯಾಸೆಟ್ ಡಬ್ಬಿಯೊಳಗೆ ಮಡಿಚಿಟ್ಟ ಒಂದು ಕಾಗದ ಇರ್ತಿತ್ತು: ಕವಿ ಯಾರು, ಸಂಗೀತ ಯಾರದು, ಯಾವ ಹಾಡು ಯಾರು ಹಾಡಿದ್ದು, ಪುಣ್ಯ ಇದ್ದರೆ ತಬಲ, ಕೊಳಲು ಯಾರು ಅಂತಲೂ. ಇವತ್ತು ಅದೇ ಹಾಡು ಆಪ್‌ನಲ್ಲಿ 'ಬೆಸ್ಟ್ ಆಫ್' ಅನ್ನುವ ಯಾವುದೋ ಗಂಟಿನಲ್ಲಿ ಸಿಗುತ್ತೆ. ಎಷ್ಟೋ ಕಡೆ ಕವಿಯ ಹೆಸರಿಲ್ಲ, ನುಡಿಸಿದವರ ಹೆಸರಿಲ್ಲ, ಮೂಲ ಆಲ್ಬಮ್‌ನ ವರ್ಷವಿಲ್ಲ. ಆ ಕಾಗದ ಕಸದ ಬುಟ್ಟಿಗೆ ಹೋದಮೇಲೆ ಆ ಹೆಸರುಗಳು ಉಳಿಯೋದು, ಕೇಳಿದವರು ಬರೆದಿಟ್ಟರೆ ಮಾತ್ರ. 'ಜ್ಯೋತಿ'ಯಲ್ಲಿ ಘಟ ನುಡಿಸಿದ್ದು ಯಾರು ಅಂತ ನನಗೆ ಗೊತ್ತಾದದ್ದು ಹೊರದೇಶದ ಕೇಳುಗರು ಬರೆದಿಟ್ಟದ್ದರಿಂದ. ನಮ್ಮ ಊರಿನ ಘಟ, ನಮ್ಮ ಊರಿನ ಕೈ, ಲೆಕ್ಕ ಇಟ್ಟವರು ಅವರು.

ಆದ್ದರಿಂದ ಮನೆಕೆಲಸ ಇಷ್ಟೇ. ಯೆಲ್ಲೋ ಲೈನ್ ಮೆಟ್ರೋ ಬಂದಮೇಲೆ ಆರ್.ವಿ. ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರಿಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹಾರನ್ ಇಲ್ಲದ ಒಂದಷ್ಟು ನಿಮಿಷ ಸಿಕ್ಕಿದೆ. ಹೋಗ್ತಾ ಸೈಡ್ ಎ, ಬರ್ತಾ ಸೈಡ್ ಬಿ. ಕನ್ನಡದ ಒಂದು ಆಲ್ಬಮ್ ಆರಿಸಿ, ಶಫಲ್ ಆಫ್ ಮಾಡಿ, ಮೊದಲ ಹಾಡಿಂದ ಕೊನೇ ಹಾಡಿನವರೆಗೆ ಕೇಳಿ. ಆಮೇಲೆ ಹತ್ತು ಸಾಲು ಬರೀರಿ, ಕನ್ನಡದಲ್ಲಿ. ಅದು ಯಾವ ಪ್ರಕಾರ ಅಂತ ಬರೀರಿ, ನುಡಿಸಿದವರಲ್ಲಿ ಒಬ್ಬರ ಹೆಸರಾದರೂ ಬರೀರಿ, ಹಿಡಿಸದ ಒಂದು ಅಂಶ ಬರೀರಿ. ಹಾರ್ಟ್ ಬೇಡ. ಗ್ರೂಪಿನಲ್ಲಿ ಮುಂದಿನ ಪಟ್ಟಿ ಬಂದಾಗ ಜಾಝ್ ಅನ್ನುವ ಸಾಲಿನಲ್ಲಿ ರಾಮಮಣಿಯವರ ಹೆಸರು ಹಾಕಿ. ಯಾರಾದರೂ 'ಇದು ಕನ್ನಡ ಕ್ಯಾಟಗರಿ ಅಲ್ವಾ' ಅಂತ ಕೇಳಿದರೆ, ಅಂಥ ಕ್ಯಾಟಗರಿ ಇಲ್ಲ ಅಂತ ಹೇಳಿ.